ಎಡಗೈಯವನ ಹೊಲಿಗೆ

ಸತ್ತವರನ್ನು ಬೈಯಬಾರದಂತೆ. ನಾನು ಬೈಯುತ್ತೇನೆ.

ನನ್ನ ಗಂಡ ಜೇಬೆಜ್ ವಿಟ್ಬಿ ಎಂಬ ಬಂದರಿನಲ್ಲಿ ಹಡಗಿನ ಹಾಯಿ ಹೊಲಿಯುತ್ತಿದ್ದ. ಎಡಚ. ನನಗೊಂದು ಗುಂಡಿ ಹೊಲಿದುಕೊಟ್ಟವನಲ್ಲ. ಹೊಡೆಯುವುದು ಮಾತ್ರ ಅದೇ ಎಡಗೈಯಲ್ಲಿ. ಅವನು ಕಡಲಲ್ಲಿ ಮುಳುಗಿ ಸತ್ತಾಗ ಅತ್ತೆ ನನ್ನ ಉಡುಪಿಗೆಲ್ಲ ಶೋಕದ ಕರಿ ಕ್ರೇಪ್ ಬಟ್ಟೆ ಹೊಲಿಸಿದರು. ವರ್ಷದ ಮೇಲೊಂದು ದಿನ ಕಳೆಯುವವರೆಗೆ ವಿಧವೆ ಅದನ್ನು ತೆಗೆಯುವಂತಿಲ್ಲ. ಬೆವರಿದರೆ ಬಣ್ಣ ಬಿಟ್ಟು ಕುತ್ತಿಗೆಯೆಲ್ಲ ಮಸಿಯಾಗುತ್ತಿತ್ತು. ಒಂದು ದಿನವೂ ತಪ್ಪಿಸದೆ ತೊಟ್ಟೆ.

ಅವಧಿ ಮುಗಿದ ಬೆಳಿಗ್ಗೆಯೇ ಕ್ರೇಪನ್ನು ಬಿಚ್ಚಿಹಾಕಿದೆ. ಊಟ ಮುಗಿಸಿ ಬರುವಷ್ಟರಲ್ಲಿ ಅದನ್ನು ಯಾರೋ ಮತ್ತೆ ಉಡುಪಿಗೆ ಹೊಲಿದಿದ್ದರು. ಒದ್ದೆಯಾಗಿತ್ತು, ಕಡಲಿನ ವಾಸನೆ ಬರುತ್ತಿತ್ತು.

“ಅತ್ತೆ, ಇದು ನಿಮ್ಮ ಕೆಲಸಾನಾ?”

“ಸೂಜಿಗೆ ದಾರ ಪೋಣಿಸೋಕೂ ನನ್ನ ಕಣ್ಣು ಕಾಣಲ್ಲ ಕಣೇ. ಹೊಲಿಗೆ ನೋಡು.”

ನೋಡಿದೆ. ದಪ್ಪ ಹಾಯಿದಾರ, ಎಡಗೈಯವರ ಓರೆ ಹೊಲಿಗೆ.

ಅತ್ತೆಯ ಮುಖ ಅರಳಿತು. “ನೀನು ಶೋಕ ಮಾಡಿದ್ದು ನನ್ನ ಮಗನಿಗೆ ಇನ್ನೂ ಸಾಲ್ದು ನೋಡು. ನಮ್ಮ ರಾಣಿಯೇ ಗಂಡ ಸತ್ತು ಇಷ್ಟು ವರ್ಷ ಆದ್ರೂ ಕರೀದು ಬಿಟ್ಟಿಲ್ಲ. ನೀನ್ಯಾವ ಮಹಾರಾಣಿ?”

“ಬೇಕಿದ್ರೆ ನಿಮ್ಮ ಮಗನೇ ಬಂದು ತೊಟ್ಕೊಳ್ಳಲಿ!” ಎಂದು ಕ್ರೇಪನ್ನು ಕಿತ್ತು ಒಲೆಗೆ ಎಸೆದೆ. ಅದು ಪೂರ್ತಿ ಬೂದಿಯಾಗುವವರೆಗೂ ಅಲ್ಲಿಂದ ಕದಲಲಿಲ್ಲ.

ಮರುದಿನ ಬೆಳಿಗ್ಗೆ ನನ್ನ ಬೂದುಬಣ್ಣದ ಉಡುಪಿಗಾಗಿ ಕಪಾಟು ತೆರೆದೆ. ಎರಡೂ ತೋಳುಗಳ ತುದಿಯನ್ನು ಅದೇ ಒದ್ದೆ ದಾರದಿಂದ ಹೊಲಿದು ಮುಚ್ಚಲಾಗಿತ್ತು. ಕುತ್ತಿಗೆಯ ಹೊಲಿಗೆ ಮಾತ್ರ ಅರ್ಧಕ್ಕೆ ನಿಂತಿತ್ತು. ನಾನಿನ್ನೂ ಉಡುಪನ್ನು ಮುಟ್ಟಿರಲಿಲ್ಲ. ದಾರದ ತುದಿಯಲ್ಲಿ ಸೂಜಿ ಆಗಲೇ ಅಲ್ಲಾಡುತ್ತಿತ್ತು.