ಓದದೆ ಉಳಿದ ಪತ್ರ

ಶನಿವಾರ ಮಧ್ಯಾಹ್ನ ಮಕ್ಕಳೆಲ್ಲ ಮನೆಗೆ ಹೋದ ಮೇಲೆ, ಬಸವೇಶ್ವರನಗರದ ಆ ಹೈಸ್ಕೂಲಿನ ಕಂಪ್ಯೂಟರ್ ಲ್ಯಾಬಿನಲ್ಲಿ ಟೀಚರುಗಳೇ ವಿದ್ಯಾರ್ಥಿಗಳಾಗಿ ಕೂರುತ್ತಿದ್ದರು. ಅವರಿಗೆ ಶಾಲೆಯ ವೆಬ್‌ಮೇಲ್ ಕಲಿಸುವ ಕೆಲಸ ಲ್ಯಾಬ್ ಅಸಿಸ್ಟೆಂಟ್ ಶರಣ್ಯಾಳದು. ನಾಲ್ಕು ಜನರೆದುರು ಮಾತಾಡಬೇಕೆಂದರೆ ಹೆದರುವ ಹುಡುಗಿ. ಬೋರ್ಡಿಗೆ ಮುಖ ಮಾಡಿಯೇ ಅರ್ಧ ಪಾಠ ಮುಗಿಸುತ್ತಿದ್ದಳು.

"ಕಳಿಸಿದ ಮೇಲ್ ವಾಪಸ್ ತಗೋಬಹುದಾ ಕಣೇ?" ಹಿಂದಿ ಟೀಚರ್ ಅನಂತಲಕ್ಷ್ಮಿ ಕೇಳಿದರು. "ಹೆಡ್ ಮೇಡಂಗೆ ಲೀವ್ ಲೆಟರ್ ಬದ್ಲು ಪುಳಿಯೋಗರೆ ರೆಸಿಪಿ ಹೋಗ್ಬಿಟ್ಟಿದೆ."

"ಅರ್ಧ ನಿಮಿಷದೊಳಗಾದ್ರೆ ಆಗುತ್ತೆ ಮಿಸ್."

"ಹೋಗಿ ಮೂರು ದಿನ ಆಯ್ತಲ್ಲೇ!"

ಲ್ಯಾಬೆಲ್ಲ ನಕ್ಕಿತು. ಕೊನೆಯ ಸಾಲಿನ ನಗು ಯಾರದೆಂದು ಅವಳು ತಿರುಗಿ ನೋಡಬೇಕಾಗಿರಲಿಲ್ಲ. ಕಲ್ಮೇಶ್, ಸಮಾಜ ಪಾಠದ ಮೇಷ್ಟ್ರು. ಜೂನ್‌ನಲ್ಲಷ್ಟೇ ಕೆಲಸಕ್ಕೆ ಸೇರಿ, ನಾಗರಬಾವಿಯಲ್ಲಿ ರೂಮ್ ಮಾಡಿಕೊಂಡಿದ್ದ.

"ಮೇಡಂ, ನನ್ನ ಅವಸ್ಥೆ ಸ್ವಲ್ಪ ನೋಡ್ರಿ."

ಅವನ ಪರದೆಯ ಮೇಲೆ ನೂರಕ್ಕೂ ಮಿಕ್ಕಿ ಸರ್ಕ್ಯುಲರ್‌ಗಳು, ಎಲ್ಲವೂ ದಪ್ಪ ಅಕ್ಷರದಲ್ಲಿ.

"ದಪ್ಪಕ್ಷರ ಅಂದ್ರೆ ತೆರೆದೇ ಇಲ್ಲ ಅಂತ ಸಾರ್. ಒಂದೂ ಓದಿಲ್ವಾ?"

"ಓದ್ತಾ ಕೂತ್ರೆ ಪಾಠ ಯಾವಾಗ ಮಾಡ್ಲಿ?"

ಅವಳು ಒಂದು ಫಿಲ್ಟರ್ ಮಾಡಿಕೊಟ್ಟಳು. ಹೆಡ್ ಮೇಡಂ ಕಳಿಸುವುದನ್ನು ಬಿಟ್ಟು, ಶಾಲೆಯ ವಿಳಾಸಗಳಿಂದ ಬರುವುದೆಲ್ಲ ಎದುರಿಗೆ ಕಾಣಿಸದೆ ಸೀದಾ ಒಂದು ಲೇಬಲ್ ಕೆಳಗೆ ಹೋಗಿ ಸೇರುವಂತೆ.

"ಲೇಬಲ್‌ಗೆ ಹೆಸರೇನಿಡ್ಲಿ?"

"ಆಮೇಲೆ, ಅಂತ ಇಡ್ರಿ."

ಅವಳಿಗೆ ನಗು ಬಂತು. ಅವನು ಪರದೆ ಬಿಟ್ಟು ಆ ನಗುವನ್ನೇ ನೋಡುತ್ತಿದ್ದ. ಮೂರಕ್ಷರದ ಆ ಹೆಸರನ್ನು ಅವಳು ಮೂರು ಸಲ ತಪ್ಪಾಗಿ ಟೈಪ್ ಮಾಡಿದಳು.

ಆಮೇಲಿನ ಶನಿವಾರಗಳಲ್ಲಿ ಅವನಿಗೆ ಅನುಮಾನಗಳು ಮುಗಿಯಲೇ ಇಲ್ಲ. ಪತ್ರದ ಕೆಳಗೆ ತಾನಾಗಿ ಹೆಸರು ಬರುವಂತೆ ಮಾಡುವುದನ್ನು ನಾಲ್ಕು ಸಲ ಹೇಳಿಸಿಕೊಂಡ. ಮೊದಲ ಸಲವೇ ಕಲಿತಿದ್ದನೆಂದು ಅವಳಿಗೆ ಗೊತ್ತಿತ್ತು. ಅವಳಿಗೆ ಗೊತ್ತಿದೆಯೆಂದು ಅವನಿಗೂ ಗೊತ್ತಿತ್ತು. ಆದರೂ ಅವಳು ಪ್ರತಿ ಸಲ ಮೊದಲಿನಿಂದ, ನಿಧಾನವಾಗಿ ಹೇಳಿಕೊಡುತ್ತಿದ್ದಳು.

ಜನವರಿಯಲ್ಲಿ ಶರಣ್ಯಾಳಿಗೂ ಶಾಲೆಯ ಹೆಸರಿನದೇ ಮೇಲ್ ವಿಳಾಸ ಸಿಕ್ಕಿತು. ಏಪ್ರಿಲ್‌ನಲ್ಲಿ ಅಪ್ಪ ಗುರುಸಿದ್ದಯ್ಯ, "ಭಾನುವಾರ ಕೆಂಗೇರಿಯಿಂದ ಗಂಡಿನ ಕಡೆಯವರು ಬರ್ತಾರಮ್ಮ" ಅಂದರು. ಹುಡುಗನ ಹೆಸರು ಗಿರಿರಾಜ್, ಬ್ಯಾಂಕಿನಲ್ಲಿ ಕೆಲಸ.

ಕಲ್ಮೇಶನ ಎದುರು ನಿಂತು ಕೇಳುವ ಧೈರ್ಯ ಅವಳಿಗಿರಲಿಲ್ಲ. ವಾಟ್ಸ್ಯಾಪಿನಲ್ಲಿ ಕೇಳಿ ನೀಲಿ ಗೀಟಿಗಾಗಿ ಕಾಯುವ ಧೈರ್ಯವೂ ಇರಲಿಲ್ಲ. ಸೋಮವಾರ ಶಾಲೆಯ ವಿಳಾಸದಿಂದಲೇ ಅವನಿಗೊಂದು ಮೇಲ್ ಬರೆದಳು: "ಭಾನುವಾರ ನನ್ನನ್ನು ನೋಡಲು ಬರುತ್ತಿದ್ದಾರೆ. ನಿಮ್ಮ ಮನಸ್ಸಿನಲ್ಲಿ ನಾನಿದ್ದರೆ ಶುಕ್ರವಾರದೊಳಗೆ ಹೇಳಿ, ಅಪ್ಪಾಜಿ ಹತ್ತಿರ ನಾನೇ ಮಾತಾಡುತ್ತೇನೆ. ಇಲ್ಲವಾದರೆ ಉತ್ತರ ಬರೆಯಬೇಡಿ. ನನಗೆ ಅರ್ಥವಾಗುತ್ತದೆ."

ಮಂಗಳವಾರ ಅವನು ಕಾರಿಡಾರಿನಲ್ಲಿ ಎಂದಿನಂತೆ ನಕ್ಕ. "ಊಟ ಆಯ್ತೇನ್ರಿ ಮೇಡಂ?" ಬುಧವಾರವೂ ನಕ್ಕ. ಶುಕ್ರವಾರ ಸಂಜೆಯವರೆಗೆ ಉತ್ತರ ಬರಲಿಲ್ಲ. ಅವಳಿಗೆ ಅರ್ಥವಾಯಿತು. ಭಾನುವಾರ ಸೀರೆ ಉಟ್ಟಳು, ಒಪ್ಪಿ ತಲೆಯಾಡಿಸಿದಳು.

ಮೇ ಕೊನೆಗೆ ವಿಜಯನಗರದ ಛತ್ರದಲ್ಲಿ ಮದುವೆ. ಟೀಚರುಗಳ ಜೊತೆ ಕಲ್ಮೇಶನೂ ಬಂದ, ಅಕ್ಷತೆ ಹಾಕಿ "ಚೆನ್ನಾಗಿರ್ರಿ" ಎಂದು ನಕ್ಕ, ಊಟಕ್ಕೆ ನಿಲ್ಲದೆ ಹೋದ. ನನ್ನ ಪತ್ರ ಓದಿಯೂ ಬಂದು ನಗುತ್ತಾನಲ್ಲ ಎಂದು ಅವಳು ಮನಸ್ಸಿನಲ್ಲೇ ಬೈದುಕೊಂಡಳು.

ಶಾಲೆ ಮತ್ತೆ ಶುರುವಾಗುವ ಹೊತ್ತಿಗೆ ಗಿರಿರಾಜನಿಗೆ ದಾವಣಗೆರೆಗೆ ವರ್ಗವಾಗಿತ್ತು. ಶರಣ್ಯಾ ರಾಜೀನಾಮೆ ಕೊಟ್ಟಳು. ಕೊನೆಯ ದಿನ ಲ್ಯಾಬಿಗೆ ಕಲ್ಮೇಶ್ ಬಂದ.

"ಪಠ್ಯಪುಸ್ತಕದ ಲೆಕ್ಕ ಕೇಳಿ ಏಪ್ರಿಲ್‌ನಾಗ ಸರ್ಕ್ಯುಲರ್ ಬಂದಿತ್ತಂತೆ. ಎಲ್ಲಿದೆಯೋ ಸಿಗವಲ್ದು."

ಕೊನೆಯ ಸಾಲಿನಲ್ಲಿ ತನ್ನ ಮೇಲ್ ತೆರೆದು ಅವನು ಎದ್ದ. ಅವಳು ಅವನ ಕುರ್ಚಿಯಲ್ಲಿ ಕೂತು 'ಆಮೇಲೆ' ಲೇಬಲ್ ತೆರೆದಳು. ಹುಡುಕುತ್ತ ಕೆಳಗಿಳಿದಳು. ಬಸ್ ಮಾರ್ಗ ಬದಲಾವಣೆ, ನೀರಿನ ಟ್ಯಾಂಕ್ ಸ್ವಚ್ಛತೆ. ಅವೆರಡರ ನಡುವೆ ಅವಳ ಹೆಸರು.

ದಪ್ಪಕ್ಷರದಲ್ಲಿ.

ಒಂದು ಗುಂಡಿ ಒತ್ತಿದ್ದರೆ ಪತ್ರ ಅಳಿಸಿಹೋಗುತ್ತಿತ್ತು.

"ಅದು ನಿಮ್ಮ ಪತ್ರ ಅಲ್ಲೇನ್ರಿ?" ಎಂದ ಕಲ್ಮೇಶ್.

ಅವಳು ಎದ್ದು ಕುರ್ಚಿ ಬಿಟ್ಟುಕೊಟ್ಟಳು. "ಓದಿ ಸಾರ್."

ಅವನು ಓದಿದ. ನಾಲ್ಕು ಸಾಲಿನ ಪತ್ರಕ್ಕೆ ಅಷ್ಟು ಹೊತ್ತು ಹಿಡಿಯುವುದಿಲ್ಲ. ಹೊರಗೆ ಮಕ್ಕಳು ಕೊಕ್ಕೋ ಆಡುತ್ತಿದ್ದರು.

"ನಾ ಇದನ್ನ ನೋಡೇ ಇಲ್ಲ, ಶರಣ್ಯಾ."

"ಈಗ ಗೊತ್ತಾಯ್ತು. ನನ್ನ ಐಡಿನೂ ಶಾಲೇದೇ ಅಲ್ವಾ? ಫಿಲ್ಟರ್ ಮಾಡಿದವಳಿಗೇ ಹೊಳೀಲಿಲ್ಲ."

"ಕೆಲಸ ಪರ್ಮನೆಂಟ್ ಆದ ದಿನ ನಿಮಗ ಹೇಳ್ಬೇಕು ಅಂತಿದ್ದೆ." ಅವನು ಅವಳತ್ತ ತಿರುಗಲಿಲ್ಲ. "ಮೇ ತಿಂಗಳಲ್ಲಿ ಆರ್ಡರ್ ಬಂತು. ಅದೇ ವಾರ ನಿಮ್ಮ ಲಗ್ನಪತ್ರಿಕೆನೂ ಬಂತು."

"ಮದುವೇಲಿ ನಕ್ಕ್ರಲ್ಲಾ, ಅವತ್ತಿಂದ ನಿಮ್ಮನ್ನ ಬೈಕೊಳ್ತಾನೇ ಇದೀನಿ."

"ಬೈಯ್ಯಾಕಾದ್ರೂ ನೆನಪಾಗ್ತಿದ್ನಲ್ಲ."

ಇಬ್ಬರಿಗೂ ನಗು ಬರಬೇಕಿತ್ತು. ಬರಲಿಲ್ಲ.

"ನಿಮ್ಮ ಮನೆಯವರು ಹೆಂಗಿದಾರ?"

"ತುಂಬ ಒಳ್ಳೆಯವರು. ಬೆಳಿಗ್ಗೆ ಕಾಫಿ ಅವರೇ ಮಾಡ್ತಾರೆ." ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು. "ಅದೇ ಕಷ್ಟ ಸಾರ್. ಕೆಟ್ಟವರಾಗಿದ್ರೆ ಅಳೋಕೊಂದು ನೆಪ ಇರ್ತಿತ್ತು."

ಅವನು ಮೇಲ್ ಮುಚ್ಚಿ ಎದ್ದ. "ನಿಮ್ಮ ಮೇಲ್ ಐಡಿ ಇನ್ನೂ ಇದೆಯೇನು?"

"ನಾಲ್ಕು ಗಂಟೆಗೆ ಮುಚ್ಚಬೇಕು. ಕೆಲಸ ಬಿಟ್ಟವರದ್ದು ಇಟ್ಕೊಳ್ಳಲ್ಲ."

ಬೆಲ್ ಹೊಡೆಯಿತು. ಅವನು ಚಾಕ್‌ಪೀಸ್ ಡಬ್ಬಿ ಎತ್ತಿಕೊಂಡು ಒಂಬತ್ತನೇ ಕ್ಲಾಸಿಗೆ ಹೋದ.

ನಾಲ್ಕಕ್ಕೆ ಹತ್ತು ನಿಮಿಷವಿರುವಾಗ ಅವಳ ಪರದೆಯ ಮೇಲೊಂದು ಸಾಲು ಮೂಡಿತು. ಏಪ್ರಿಲ್‌ನ ಪತ್ರಕ್ಕೆ ಉತ್ತರ. ಆ ಸೋಮವಾರವೇ ಓದಿದವನಂತೆ ಬರೆದಿದ್ದ.

"ಶರಣ್ಯಾ, ಶುಕ್ರವಾರದವರೆಗೆ ಯಾಕೆ ಕಾಯಬೇಕು? ಗುರುವಾರವೇ ಅವ್ವನನ್ನು ಕರೆದುಕೊಂಡು ಸುಂಕದಕಟ್ಟೆಯ ನಿಮ್ಮ ಮನೆಗೆ ಬರುತ್ತೇನೆ. ಅಪ್ಪಾಜಿಗೆ ಹೇಳಿಟ್ಟಿರಿ. ಅವ್ವ ಮಾತು ಜಾಸ್ತಿ ಆಡುತ್ತಾಳೆ, ತಪ್ಪು ತಿಳಿಯಬೇಡಿ. ನನಗೆ ಭಯವಾಗುತ್ತಿದೆ. ಆದರೂ ಬರುತ್ತೇನೆ."

ಅಪ್ಪ ಗಡಿಬಿಡಿಯಲ್ಲಿ ಅಂಗಿ ಹುಡುಕುವುದು, ಬಾಗಿಲಲ್ಲಿ ಯಾರೋ ಹೆಂಗಸು ಜೋರಾಗಿ ಮಾತಾಡುತ್ತ ಚಪ್ಪಲಿ ಬಿಡುವುದು, ಅವಳ ಹಿಂದೆ ತಲೆ ಬಗ್ಗಿಸಿ ಅವನು ಒಳಗೆ ಬರುವುದು, ಎಲ್ಲ ಅವಳಿಗೆ ಕಂಡಿತು.

"ಏನಮ್ಮಾ, ಮುಚ್ಚಿದ್ಯಾ?" ಆಫೀಸಿನ ಗುಮಾಸ್ತ ಮುನಿವೆಂಕಟಪ್ಪ ಬಾಗಿಲಲ್ಲಿ ನಿಂತಿದ್ದರು.

"ಒಂದೇ ನಿಮಿಷ ಸಾರ್."

ಪತ್ರವನ್ನು ಸ್ವಂತ ವಿಳಾಸಕ್ಕೆ ಕಳಿಸಿಟ್ಟುಕೊಳ್ಳುವುದನ್ನು ಇಡೀ ಶಾಲೆಗೆ ಕಲಿಸಿದವಳು ಅವಳು. ಕಳಿಸಿಕೊಳ್ಳಲಿಲ್ಲ. ಬಾಯಿಪಾಠವಾಗುವಷ್ಟು ಸಲ ಓದಿ, ಖಾತೆ ಮುಚ್ಚಿದಳು.