ಮೂರನೇ ನಂಬರಿನ ಓದುಗರು

"ಇದನ್ನ ಯಾರಿಗೋಸ್ಕರ ಬರೆದಿದ್ದೀರಾ ಸಾರ್? ನನಗಂತೂ ಒಂದಕ್ಷರಾನೂ ಅರ್ಥ ಆಗ್ಲಿಲ್ಲ!"

ಜಯನಗರದ ಗ್ರಂಥಾಲಯದ ಮಹಡಿ ಕೋಣೆಯಲ್ಲಿ ಹನ್ನೆರಡು ತಲೆಗಳು ಒಟ್ಟಿಗೆ ತಿರುಗಿದವು.

ಕೇಳಿದವಳು ತೇಜಸ್ವಿನಿ. ಬೊಮ್ಮನಹಳ್ಳಿಯ ಗಾರ್ಮೆಂಟ್ಸ್‌ನಲ್ಲಿ ಕ್ವಾಲಿಟಿ ಚೆಕ್ಕರ್. ಹೊಲಿಗೆ ಎಲ್ಲಿ ತಪ್ಪಿದೆಯೆಂದು ಹುಡುಕುವುದೇ ಅವಳ ಕೆಲಸ. ತಪ್ಪು ಕಂಡ ಮೇಲೆ ಬಾಯಿ ಮುಚ್ಚಿಕೊಂಡಿರುವುದು ಅವಳ ಜಾಯಮಾನದಲ್ಲೇ ಇರಲಿಲ್ಲ.

ಅಲ್ಲಿ ಸೇರಿದ್ದವರು ಭಾನುವಾರಗಳಂದು ಸಂಬಳವಿಲ್ಲದೆ ಒಂದು ಆ್ಯಪ್ ಕಟ್ಟುತ್ತಿದ್ದ ಯಾರು ಬೇಕಾದರೂ ಸೇರಿ ಕೈಜೋಡಿಸಬಹುದಾದ ಓಪನ್ ಸೋರ್ಸ್ ಬಳಗದವರು. ಕನ್ನಡ ಪುಸ್ತಕದ ಮುಂದೆ ಫೋನ್ ಹಿಡಿದರೆ ಅದು ಗಟ್ಟಿಯಾಗಿ ಓದಿ ಹೇಳುತ್ತಿತ್ತು. ಕಣ್ಣು ಮಂಜಾದ ಅಪ್ಪ ಸಂಜೀವಯ್ಯನಿಗೆ ಅದನ್ನು ಹಾಕಿಕೊಟ್ಟಿದ್ದ ತೇಜಸ್ವಿನಿ, ತಾನೂ ಏನಾದರೂ ಮಾಡೋಣವೆಂದು ಅಂದೇ ಮೊದಲ ಸಲ ಬಂದಿದ್ದಳು.

ಅವಳ ಕೈಯಲ್ಲಿದ್ದದ್ದು ಬಳಗದ ತಿಂಗಳ ಸುದ್ದಿಪತ್ರ. ಬರೆದವನು ನಚಿಕೇತ. ಜಯನಗರದ ಹಳೇ ಮನೆತನದ ಹುಡುಗ, ಇಸ್ತ್ರಿ ಮಾಡಿದ ಬಿಳಿ ಶರ್ಟು, ಅಳೆದು ತೂಗಿ ಮಾತು. ಅವನ ಕಿವಿ ಕೆಂಪಾಯಿತು.

"ಯಾರಿಗೋ... ಗೊತ್ತಿಲ್ಲ ಮೇಡಂ," ಎಂದ. "ಈವರೆಗೂ ಯಾರೂ ಅದನ್ನ ಕೇಳಿರ್ಲಿಲ್ಲ. ಮುಂದಿನ ಸಂಚಿಕೆ ನನ್ನ ಜೊತೆ ಕೂತು ಬರೀತೀರಾ?"

ಜಗಳಕ್ಕೆ ಟೊಂಕ ಕಟ್ಟಿ ನಿಂತವಳು ಕುರ್ಚಿ ಎಳೆದುಕೊಂಡು ಅವನ ಪಕ್ಕದಲ್ಲೇ ಕೂತಳು!

ಮುಂದಿನ ಮೂರು ತಿಂಗಳು, ಭಾನುವಾರ ಬಂತೆಂದರೆ ಅವಳ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಸಿಲ್ಕ್ ಬೋರ್ಡಿನ ಟ್ರಾಫಿಕ್ಕೂ ಅವಳಿಗೆ ಕೋಪ ತರಿಸಲಿಲ್ಲವೆಂದರೆ ನೀವೇ ಊಹಿಸಿ! ಅವನು ಬರೆಯುವನು, ಇವಳು ಹೊಲಿಗೆ ಬಿಚ್ಚುವಂತೆ ವಾಕ್ಯ ಬಿಚ್ಚುವಳು. ಆಮೇಲೆ ಒಂದು ಬೈಟೂ ಕಾಫಿ.

ಯಾರು ಹೊಟ್ಟೆಪಾಡಿಗೆ ಏನು ಮಾಡುತ್ತಾರೆಂದು ಆ ಬಳಗದಲ್ಲಿ ಕೇಳುವ ಪದ್ಧತಿಯಿರಲಿಲ್ಲ. ಆ್ಯಪ್‌ಗೆ ಮಾಡಿದ ಕೆಲಸವೇ ಅವರವರ ಪರಿಚಯ. ನಚಿಕೇತ ಯಾವುದೋ ದೊಡ್ಡ ಕಂಪನಿಯ ಎಂಜಿನಿಯರ್ ಎಂದು ತೇಜಸ್ವಿನಿ ತಾನೇ ತೀರ್ಮಾನಿಸಿಕೊಂಡಿದ್ದಳು.

ಆಗ ಬಂತು ನೋಡಿ, ಆ ಪಟ್ಟಿ.

ಸುದ್ದಿಪತ್ರ ಯಾರಿಗೆಂದು ನಿರ್ಧರಿಸಲು ಮೂರು ಬಗೆಯ ಓದುಗರನ್ನು ಕಲ್ಪಿಸಿ, ಎಲ್ಲರೂ ನೋಡಬಹುದಾದ ಒಂದು ಪುಟದಲ್ಲಿ ಬರೆದಿಟ್ಟಿದ್ದರು. ಭಾನುವಾರದ ಸಭೆಯಲ್ಲಿ ಅವರಲ್ಲೊಬ್ಬರನ್ನು ಆರಿಸುವುದು. ಶನಿವಾರ ಊಟದ ಬಿಡುವಿನಲ್ಲಿ ತೇಜಸ್ವಿನಿ ಅದನ್ನು ತೆರೆದಳು. ಒಂದನೆಯವರು ಕೋಡ್ ಬರೆಯುವವರು. ಎರಡನೆಯವರು ಕಾಲೇಜು ವಿದ್ಯಾರ್ಥಿಗಳು. ಮೂರನೆಯದು ನಚಿಕೇತ ಬರೆದದ್ದು.

'ಪ್ರೋಗ್ರಾಮಿಂಗ್ ಬಾರದು. ಇಂಗ್ಲಿಷ್ ಕಂಡರೆ ಅಳುಕು. ಬಳಗದ ಗ್ರೂಪ್‌ನಲ್ಲಿ ಪ್ರಶ್ನೆ ಟೈಪ್ ಮಾಡಿ, ನಗುತ್ತಾರೇನೋ ಎಂದು ಅಳಿಸಿಬಿಡುತ್ತಾರೆ. ಕೈಹಿಡಿದು ನಡೆಸದಿದ್ದರೆ ಬಿಟ್ಟುಹೋಗುತ್ತಾರೆ.'

ಅವಳು ಅದನ್ನು ಇನ್ನೊಮ್ಮೆ ಓದಿದಳು.

'ಇದು ನಾನೇ ಅಲ್ವಾ! ಇಷ್ಟು ದಿನ ಪಕ್ಕದಲ್ಲಿ ಕೂರಿಸ್ಕೊಂಡಿದ್ದು... ನನ್ನ ನೋಡಿ ಇದನ್ನ ಬರೆಯೋಕಾ?'

ಪ್ರೀತಿಯೆಂದು ತಾನು ಬಚ್ಚಿಟ್ಟುಕೊಂಡದ್ದು ಅವನ ಕಡೆಯಿಂದ ಬರೀ ಕನಿಕರವೇ? ಊಟದ ಡಬ್ಬಿ ಹಾಗೇ ಮುಚ್ಚಿದಳು.

"ನಾಳೆಯಿಂದ ಹೋಗಲ್ಲಪ್ಪ," ಎಂದಳು ಮನೆಗೆ ಬಂದು. ಸಂಜೀವಯ್ಯ ಎಲ್ಲವನ್ನೂ ಕೇಳಿಸಿಕೊಂಡರು.

"ಬಿಟ್ಟುಹೋಗ್ತಾರೆ ಅಂತ ಬರ್ದವ್ರೆ ಅಂತೀಯ. ಕೇಳ್ದೆ ಬಿಟ್ಟುಬಂದ್ರೆ ಅದನ್ನ ನೀನೇ ನಿಜ ಮಾಡ್ದಂಗಾಗಲ್ವೇನಮ್ಮ?"

ಮಾರನೆಯ ದಿನ ಸಭೆ ಶುರುವಾಗುವುದೇ ತಡ, ತೇಜಸ್ವಿನಿ ಎದ್ದು ನಿಂತಳು.

"ಈ ಮೂರನೇ ನಂಬರು ನಾನೇ ತಾನೆ? ಎಲ್ಲರ ಮುಂದೆ ಹೇಳ್ಬಿಡಿ ಸಾರ್."

ನಚಿಕೇತ ಬಿಳಿಚಿಕೊಂಡ.

"ನೀವಾ? ಅಯ್ಯೋ... ಅದು ನಾನು!"

ಅವನೂ ಎದ್ದು ನಿಂತ.

"ನಾನು ಎಂಜಿನಿಯರ್ ಅಲ್ಲ. ಫೋರ್ತ್ ಬ್ಲಾಕ್‌ನಲ್ಲಿ ನಮ್ಮ ತಂದೆ ಶಾಮಣ್ಣ ಅವರದ್ದು ಕನ್ನಡಕದಂಗಡಿ, ನಾನೂ ಅಲ್ಲೇ ಕೂರ್ತೀನಿ. ಕನ್ನಡಕ ಹಾಕಿದ್ರೂ ಓದೋಕಾಗದೋರು ಬರ್ತಾರೆ, ಅವರಿಗೋಸ್ಕರ ಈ ಬಳಗಕ್ಕೆ ಬಂದೆ. ಎರಡು ವರ್ಷ ಇಲ್ಲಿ ಪ್ರಶ್ನೆ ಬರೆದೂ ಬರೆದೂ ಅಳಿಸಿದ್ದೀನಿ. ದಡ್ಡ ಅನ್ನಿಸ್ಕೋಬಾರ್ದು ಅಂತ ನನಗೇ ಅರ್ಥವಾಗದ ಪದ ತುಂಬಿ ಸುದ್ದಿಪತ್ರ ಬರೆದೆ. ಇನ್ನು ಬಿಟ್ಟುಬಿಡೋಣ ಅಂದ್ಕೊಂಡಾಗ ನೀವು ಬಂದ್ರಿ..." ಅವನ ಮುಖದಲ್ಲಿ ನಗು ಸುಳಿಯಿತು. "ನೀವು ಯಾವತ್ತಾದ್ರೂ ಒಂದು ಪ್ರಶ್ನೆ ಅಳಿಸಿದ್ದೀರಾ ಮೇಡಂ?"

ಇಲ್ಲ... ಯಾವತ್ತೂ ಇಲ್ಲ!

ನಿನ್ನೆಯಿಂದ ಎದೆಯ ಮೇಲಿದ್ದ ಭಾರ ಸರ್ರನೆ ಇಳಿದುಹೋಯಿತು. ತೇಜಸ್ವಿನಿ ಕುರ್ಚಿಯಲ್ಲಿ ಕುಸಿದು ಕೂತು ದುಪಟ್ಟಾದಲ್ಲಿ ಕಣ್ಣೊರೆಸಿಕೊಂಡಳು.

ಅಷ್ಟರಲ್ಲಿ ಬಳಗದ ಹಿರಿಯ ಎಂಜಿನಿಯರ್ ಚೂಡಾಮಣಿ ಮೆಲ್ಲಗೆ ಕೈ ಎತ್ತಿದರು. "ಅಳಿಸೋದು... ನಾನೂ ಮಾಡ್ತೀನಪ್ಪ." ಹಿಂದಿನಿಂದ ಇನ್ನೊಂದು ಕೈ ಮೇಲೆ ಬಂತು. ಆಮೇಲೆ ಮತ್ತೂ ನಾಲ್ಕು. ಮತ ಹಾಕುವ ಪ್ರಮೇಯವೇ ಬರಲಿಲ್ಲ. ಸುದ್ದಿಪತ್ರ ಮೂರನೇ ನಂಬರಿನವರಿಗೇ ಎಂದು ತೀರ್ಮಾನವಾಯಿತು.

ಸಭೆ ಮುಗಿದ ಮೇಲೆ ಇಬ್ಬರೂ ಬಸ್ ಸ್ಟಾಂಡಿನವರೆಗೆ ನಡೆದರು.

"ಹಾಗಾದ್ರೆ ಆ ಪಟ್ಟಿಲಿ ನಾನೆಲ್ಲಿದ್ದೀನಿ?" ಅವಳ ದನಿಯಲ್ಲಿ ಹುಸಿಮುನಿಸು.

"ಎಲ್ಲೂ ಇಲ್ಲ. ನಿಮಗೆ ಅಂತ ಬೇರೆನೇ ಒಂದು ಬರೀತಿದ್ದೀನಿ. ಮೂರು ತಿಂಗಳಿಂದ ಟೈಪ್ ಮಾಡೋದು, ಅಳಿಸೋದು..."

"ಇನ್ನು ಅಳಿಸ್ಬೇಡಿ. ಬಾಯಲ್ಲೇ ಹೇಳಿ."

ಅವಳು ಹತ್ತಬೇಕಿದ್ದ ಬಿಟಿಎಂ ಕಡೆಯ ಬಸ್ಸು ಬಂದು ನಿಂತು, ಕಾದು, ಹೊರಟೂಹೋಯಿತು. ಅವಳು ಕದಲಲಿಲ್ಲ.

"ನೀವಂದ್ರೆ ನನಗೆ ತುಂಬಾ ಇಷ್ಟ, ತೇಜಸ್ವಿನಿ."

ಅವಳು ಅವನ ಮುಖವನ್ನೇ ನೋಡಿದಳು. ತಪ್ಪು ಹುಡುಕುವ ಆ ಕಣ್ಣುಗಳಿಗೆ ಏನೂ ಸಿಗಲಿಲ್ಲ.

"ಒಂದೊಂದಕ್ಷರಾನೂ ಅರ್ಥ ಆಯ್ತು," ಎಂದು ನಕ್ಕಳು. "ನನಗೂ ಅಷ್ಟೇ ಇಷ್ಟ ಕಣ್ರೀ. ಮುಂದಿನ ಬಸ್ಸು ಬರೋದ್ರೊಳಗೆ ಇನ್ನೊಂದ್ಸಲ ಹೇಳಿ!"