ನಡುವಿನ ಚೌಕ

ಆ ಪದ ಅವಳಿಗೆ ಸಿಕ್ಕಿದ್ದು ನನ್ನ ಬಾಯಿಂದ. ಬೇಕೆಂದು ಕೊಟ್ಟಿದ್ದಲ್ಲ, ಅಭ್ಯಾಸಬಲದಿಂದ ಉದುರಿದ್ದು.

ನಾನಾಗ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಗಳ ಕೌನ್ಸೆಲರ್. ಲೈಬ್ರರಿಯ ಹಿಂದೆ, ಕಾರಿಡಾರಿನ ಕೊನೆಯಲ್ಲಿ ನನ್ನ ಕೋಣೆ. ಮೊದಲು ಅಲ್ಲಿ ಆಟದ ಸಾಮಾನು ತುಂಬಿಡುತ್ತಿದ್ದರಂತೆ. ಎಷ್ಟು ಗುಡಿಸಿ ಒರೆಸಿದರೂ ರಬ್ಬರ್ ಚೆಂಡಿನ ವಾಸನೆ ಹೋಗಿರಲಿಲ್ಲ. ಎರಡು ಕುರ್ಚಿ, ಒಂದು ಟೇಬಲ್, ಅದರ ಮೇಲೆ ಟಿಶ್ಯೂ ಡಬ್ಬ. ಗಡಿಯಾರವನ್ನು ಮಾತ್ರ ಎದುರು ಕೂರುವವರ ಬೆನ್ನ ಹಿಂದಿನ ಗೋಡೆಗೆ ಹಾಕಿದ್ದೆ. ಅಳುತ್ತಾ ಕೂತವರ ಎದುರು ಕೈಗಡಿಯಾರ ನೋಡಿಕೊಳ್ಳುವುದು ಚೆನ್ನಾಗಿರುವುದಿಲ್ಲ. ಈ ಉಪಾಯವನ್ನು ಮೊದಲ ದಿನವೇ ಪತ್ತೆ ಮಾಡಿದವಳು ಅವಳೊಬ್ಬಳೇ.

ಕೂತವಳು ಹಿಂದೆ ತಿರುಗಿ ಗೋಡೆ ನೋಡಿದಳು. "ಕಳ್ಳ ಗಡಿಯಾರ," ಎಂದಳು. ಆಮೇಲೆ ನನ್ನ ಕಡೆ ತಿರುಗಿ ಕನ್ನಡಕದ ಮೇಲಿನಿಂದ ನೋಡಿದಳು. ನೋಟದಲ್ಲಿ ತಪ್ಪು ಹಿಡಿದ ಗತ್ತಿತ್ತು, ತುಟಿಯ ಅಂಚಿನಲ್ಲಿ ತಡೆದಿಟ್ಟ ನಗು ಇತ್ತು. ನಾನು ಟಿಶ್ಯೂ ಡಬ್ಬವನ್ನು ಅತ್ತಿಂದಿತ್ತ ಸರಿಸಿದೆ.

ಅವಳು ವಿದ್ಯಾರ್ಥಿ ಸೇವಾ ವಿಭಾಗಕ್ಕೆ ಹೊಸದಾಗಿ ಬಂದಿದ್ದಳು. ಹಾಸ್ಟೆಲ್ ಹೇಗಿದೆ, ಕ್ಯಾಂಟೀನ್ ಹೇಗಿದೆ, ಕೌನ್ಸೆಲಿಂಗ್ ಹೇಗಿದೆ, ನಿದ್ದೆ ಬರುತ್ತದೆಯೇ ಎಂದು ವಿದ್ಯಾರ್ಥಿಗಳನ್ನು ಕೇಳಿ, ಉತ್ತರಗಳನ್ನು ಒಟ್ಟುಮಾಡಿ ಸಮಿತಿಗೆ ವರದಿ ಕೊಡುವುದು ಅವಳ ಕೆಲಸ. ಹುಡುಗರು ಆಗಲೇ 'ಸರ್ವೇ ಮೇಡಂ' ಎಂದು ಹೆಸರಿಟ್ಟಿದ್ದರು.

"ಇಂಗ್ಲಿಷ್ ಫಾರ್ಮ್ ಕೊಟ್ರೆ ಯಾರೂ ಓದಲ್ಲ ಸಾರ್. ಮೇಲಿಂದ ಕೆಳಗೆ ಒಂದೇ ಸಾಲಲ್ಲಿ ಟಿಕ್ ಹಾಕಿ ಎದ್ದು ಹೋಗ್ತಾರೆ. ಅದಕ್ಕೇ ಕನ್ನಡದಲ್ಲಿ ಮಾಡ್ತಿದ್ದೀನಿ. ಯಾವುದಾದ್ರೂ ಪ್ರಶ್ನೆ ಯಾರಿಗಾದ್ರೂ ಚುಚ್ಚೋ ಹಾಗಿದ್ರೆ ಹೇಳಿ."

ಪ್ರತಿ ಪ್ರಶ್ನೆಯನ್ನೂ ಮೆಲ್ಲಗೆ ತಾನೇ ಓದಿ, ಓದಿದ ಮೇಲೆ ಒಂದು ಗಳಿಗೆ ಸುಮ್ಮನಿರುತ್ತಿದ್ದಳು, ಮಾತು ಎಲ್ಲಿ ಹೋಗಿ ತಾಗಿತೆಂದು ಕೇಳಿಸಿಕೊಳ್ಳುವ ಹಾಗೆ. ಎಲ್ಲದಕ್ಕೂ ಐದು ಚೌಕ. ತುಂಬಾ ಚೆನ್ನಾಗಿದೆ, ಚೆನ್ನಾಗಿದೆ, ಚೆನ್ನಾಗಿಲ್ಲ, ತುಂಬಾ ಕೆಟ್ಟದಾಗಿದೆ. ನಡುವಿನದ್ದೊಂದು ಖಾಲಿ ಇತ್ತು.

"ಇದಕ್ಕೆ ಪದಾನೇ ಸಿಗ್ತಿಲ್ಲ," ಎಂದಳು. "'ಸಾಧಾರಣ' ಅಂದ್ರೆ ಮಾರ್ಕ್ಸ್ ಕಾರ್ಡ್ ನೆನಪಾಗುತ್ತೆ. 'ತಟಸ್ಥ' ಅಂದ್ರೆ ಯಾವುದೋ ದೇಶದ ಯುದ್ಧ. ಹೋಗ್ಲಿ, ಬಂದಾಗಿಂದ ನಂದೇ ಆಯ್ತು. ನೀವು ಹೇಗಿದ್ದೀರಿ ಸಾರ್?"

"ಪರವಾಗಿಲ್ಲ," ಎಂದೆ.

ಅವಳ ಪೆನ್ನು ಗಾಳಿಯಲ್ಲೇ ನಿಂತಿತು. "ಸಿಕ್ತು," ಎಂದು ಬರೆದೇಬಿಟ್ಟಳು. "ಎಲ್ರ ಬಾಯಲ್ಲೂ ಇರೋ ಮಾತು. ನನ್ನ ತಲೆಗೆ ಹೊಳೀಲೇ ಇಲ್ಲ ನೋಡಿ." ಇಬ್ಬರೂ ನಕ್ಕೆವು. ನಾನಂತೂ ಏನೋ ದೊಡ್ಡ ಉಪಕಾರ ಮಾಡಿದವನ ಹಾಗೆ ಬೀಗಿದೆ.

ಸರ್ವೇ ಶುರುವಾದ ಮೇಲೆ ಅವಳ ಆಫೀಸಿನಲ್ಲಿ ಜನ, ಪ್ರಿಂಟರಿನ ಗಲಾಟೆ. ನನ್ನ ಕೋಣೆಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿ ಫಾರ್ಮುಗಳ ಕಟ್ಟು ಹೊತ್ತುಕೊಂಡು ಬರುತ್ತಿದ್ದಳು.

"ಇಲ್ಲಿ ಕೂತ್ಕೊಂಡು ಕೆಲಸ ಮಾಡಿದ್ರೆ ನಿಮಗೆ ತೊಂದ್ರೆನಾ?"

"ಪರವಾಗಿಲ್ಲ."

ತೊಂದರೆಯೇ. ಅವಳು ಬರುವ ಮೊದಲು ಕಾಯುವ ತೊಂದರೆ, ಬಂದ ಮೇಲೆ ಕೈಲಿದ್ದ ಪುಸ್ತಕದ ಒಂದೇ ಪುಟವನ್ನು ಮತ್ತೆ ಮತ್ತೆ ಓದುವ ತೊಂದರೆ. ಎಣಿಸುವಾಗ ಅವಳ ತುಟಿ ಅಲ್ಲಾಡುತ್ತಿತ್ತು. ನಾನು ನೋಡುತ್ತಿದ್ದೇನೆಂದು ಗೊತ್ತಾದರೆ ತಲೆ ಎತ್ತದೆಯೇ ಹೇಳುತ್ತಿದ್ದಳು, "ಸಾರ್, ನೀವು ನೋಡಿದ್ರೆ ನನಗೆ ಲೆಕ್ಕ ತಪ್ಪುತ್ತೆ."

"ನಾನು ಗಡಿಯಾರ ನೋಡ್ತಿದ್ದೆ."

"ಗಡಿಯಾರ ನನ್ನ ಬೆನ್ನ ಹಿಂದಿದೆ. ನೀವು ನೋಡ್ತಿದ್ದಿದ್ದು ಅದಕ್ಕಿಂತ ಸ್ವಲ್ಪ ಈಚೆ."

ಹೀಗೆ ಹೇಳಿ ಮತ್ತೆ ಎಣಿಸಲು ತೊಡಗುವಳು. ಕಿವಿಯ ತುದಿ ಮಾತ್ರ ಕೆಂಪಾಗಿರುತ್ತಿತ್ತು. ನನಗೆ ಅವಳ ಮೇಲೆ ಪ್ರೀತಿ ಹುಟ್ಟಿತ್ತು. ಬೇರೆಯವರ ಮನಸ್ಸಿನ ಗಂಟು ಬಿಡಿಸುವುದೇ ನನ್ನ ಹೊಟ್ಟೆಪಾಡು. ನನ್ನದೇ ಗಂಟಿಗೆ ಮಾತ್ರ ಕೈಹಾಕಲು ಧೈರ್ಯವಿರಲಿಲ್ಲ.

ಅಕ್ಕ ದೂರದ ಊರಿನಿಂದ ಆಗಾಗ ಫೋನ್ ಮಾಡುತ್ತಿದ್ದಳು. ಹೇಗಿದ್ದೀಯೋ ಎಂದರೆ ಅದೇ ಉತ್ತರ. "ಜ್ವರ ಬಂದು ಕಣ್ಣು ಬಿಡೋಕಾಗ್ದೆ ಇದ್ದಾಗ್ಲೂ ಪರವಾಗಿಲ್ಲ ಅಂದೋನು ನೀನು," ಎಂದು ಅವಳು ಬೈಯುತ್ತಿದ್ದಳು. "ನಿನ್ನ ಮಾತು ನಂಬ್ಕೊಂಡ್ರೆ ನಾನು ಕೆಟ್ಟೆ."

ವರದಿಗೆ ಬಣ್ಣ ಹಚ್ಚಿದ್ದು ನನ್ನ ಟೇಬಲ್ಲಿನ ಮೇಲೆಯೇ. ಚೆನ್ನಾಗಿದೆ ಅಂದವರಿಗೆಲ್ಲ ಹಸಿರು, ಇಲ್ಲ ಅಂದವರಿಗೆ ಕೆಂಪು. ನಡುವಿನ ಚೌಕಕ್ಕೆ ಬಂದಾಗ ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿದಳು. "ಇದಕ್ಕೆ ತಿಳಿಹಸಿರು ಹಾಕ್ಲಾ? ಪರವಾಗಿಲ್ಲ ಅಂದ್ರೆ ಒಳ್ಳೇದರ ಕಡೆಗೇ ತಾನೇ?" ನಾನು ತಲೆಯಾಡಿಸಿದೆ. ಕೌನ್ಸೆಲಿಂಗ್ ಸಾಲಿನಲ್ಲಿ ಬಹುಪಾಲು ತಿಳಿಹಸಿರೇ ತುಂಬಿತ್ತು. ನೋಡಲು ಚೆನ್ನಾಗಿತ್ತು.

ಸಮಿತಿಯವರಿಗೂ ಚೆನ್ನಾಗಿಯೇ ಕಂಡಿತು. ಎಲ್ಲಾ ಹಸಿರೇ ಇದೆಯಲ್ಲ, ಇನ್ನು ಕೌನ್ಸೆಲರ್ ಯಾಕೆ, ಒಂದು ಸಹಾಯವಾಣಿ ಸಾಕು ಎಂದು ತೀರ್ಮಾನವಾಯಿತು. ನನ್ನ ಗುತ್ತಿಗೆ ತಿಂಗಳ ಕೊನೆಗೆ ಮುಗಿಯುವುದಿತ್ತು. ಮುಂದುವರಿಸುವುದಿಲ್ಲ ಎಂದು ರಿಜಿಸ್ಟ್ರಾರ್ ಕರೆದು ಹೇಳಿದರು. ಟೀ ಕುಡಿಯಿರಿ ಎಂದೂ ಹೇಳಿದರು.

ಆ ಸಂಜೆ ಅವಳು ಕೈಬೀಸಿಕೊಂಡು ಬಂದಳು, ಫಾರ್ಮಿಲ್ಲ, ಲ್ಯಾಪ್‌ಟಾಪಿಲ್ಲ. ಬಾಗಿಲಲ್ಲೇ ನಿಂತಳು.

"ನಾನು ತುಂಬಾ ಹೇಳ್ದೆ. ಚಾರ್ಟ್ ತೋರಿಸಿ ನನ್ನ ಬಾಯೇ ಮುಚ್ಚಿಸಿದ್ರು. ನಾನೇ ಹಾಕಿದ ಬಣ್ಣ. ಸಾರಿ."

"ಪರವಾಗಿಲ್ಲ."

"ನಿಮ್ಮ ಕೆಲಸ ಹೋಗ್ತಿದೆ."

"ಪರವಾಗಿಲ್ಲ, ಬೇರೆ ಕಡೆ ನೋಡ್ಕೋತೀನಿ."

ಅವಳು ಒಳಗೆ ಬಂದು ಕೂತಳು. ಸ್ವಲ್ಪ ಹೊತ್ತು ಉಗುರು ನೋಡಿಕೊಂಡಳು. "ಇಲ್ಲಿಂದ ಹೋಗೋದು... ನಿಮಗೆ ಏನೂ ಅನಿಸ್ತಿಲ್ವಾ? ಏನೂ?"

ಅವಳ ಕಣ್ಣನ್ನು ನೋಡಲಾರದೆ ಎಲ್ಲಿ ನೋಡುವುದೆಂದು ತೋಚದೆ ಗೋಡೆ ನೋಡಿದೆ. ಅಲ್ಲಿದ್ದದ್ದು ಗಡಿಯಾರ.

ಅವಳು ಹಿಂದೆ ತಿರುಗಲಿಲ್ಲ. ಏನು ನೋಡುತ್ತಿದ್ದೇನೆಂದು ಅವಳಿಗೆ ಗೊತ್ತಿತ್ತು. "ಟೈಮ್ ಆಯ್ತಾ ಸಾರ್?" ಎಂದು ಎದ್ದಳು. ಕುರ್ಚಿಯನ್ನು ಸದ್ದಾಗದಂತೆ ಟೇಬಲ್ಲಿನ ಕೆಳಗೆ ಸೇರಿಸಿ ಹೊರಟುಹೋದಳು. ನಾನು ಕೂಗಬಹುದಿತ್ತು. ಕೂಗಲಿಲ್ಲ.

ಆಮೇಲೆ ಅವಳು ಈ ಕಡೆ ಸುಳಿಯಲಿಲ್ಲ. ಕಾರಿಡಾರಿನಲ್ಲಿ ಚಪ್ಪಲಿಯ ಸದ್ದಾದರೆ ನಾನು ನೆಟ್ಟಗೆ ಕೂರುತ್ತಿದ್ದೆ. ಸದ್ದು ಲೈಬ್ರರಿಯ ಕಡೆ ತಿರುಗಿಹೋಗುತ್ತಿತ್ತು.

ನನ್ನ ಕೊನೆಯ ವಾರದಲ್ಲಿ, ಮರೆತುಹೋದ ಸ್ಟೇಪ್ಲರ್ ತೆಗೆದುಕೊಳ್ಳಲೆಂದು ಬಂದಳು. ಒಳಗೆ ಎರಡನೇ ವರ್ಷದ ಒಬ್ಬ ಹುಡುಗಿ ಇದ್ದಳು. ವಾರ ವಾರ ಬರುವವಳು, ಮನೆಯಲ್ಲಿ ಸಾವಾದಾಗಿನಿಂದ ಸರಿಯಾಗಿ ನಿದ್ದೆಯಿಲ್ಲದವಳು. ಕೋಣೆ ಮುಚ್ಚುವ ವಿಷಯವನ್ನು ಆಗಷ್ಟೇ ಅವಳಿಗೆ ಹೇಳಿದ್ದೆ. ಹುಡುಗಿ ಅಳಲಿಲ್ಲ. ಬ್ಯಾಗಿನ ಜಿಪ್ಪನ್ನು ಎಳೆಯುತ್ತಾ ಬಿಡುತ್ತಾ ಕೂತಿದ್ದಳು.

ಸರ್ವೇ ಮೇಡಂ ಬಾಗಿಲಲ್ಲಿ ನಿಂತು ಕೇಳಿದಳು, "ನೀನು ಫಾರ್ಮ್ ತುಂಬಿದ್ಯಾ ಪುಟ್ಟ? ಕೌನ್ಸೆಲಿಂಗಿಗೆ ಯಾವ ಚೌಕಕ್ಕೆ ಟಿಕ್ ಹಾಕ್ದೆ?"

"ಪರವಾಗಿಲ್ಲ ಅಂತ ಇತ್ತಲ್ಲ ಮೇಡಂ, ಅದಕ್ಕೆ."

"ಅಂದ್ರೆ ಸುಮಾರಾಗಿದೆ, ನಡೆಯುತ್ತೆ ಅಂತ ತಾನೇ?"

"ಅಲ್ಲ ಮೇಡಂ. ಪರವಾಗಿಲ್ಲ ಬಿಡಿ, ಅಂತ." ಹುಡುಗಿ ಜಿಪ್ಪು ಎಳೆದಳು. "ವಾರಕ್ಕೆ ಅರ್ಧ ಗಂಟೆ ಸಿಗುತ್ತೆ. ನಂಗೆ ಸಾಲಲ್ಲ. ಆದ್ರೆ ಕೇಳಿದ್ರೆ ಯಾರು ಕೊಡ್ತಾರೆ? ಹೆಂಗೋ ನಿಭಾಯಿಸ್ತೀನಿ, ನನ್ನ ಬಗ್ಗೆ ತಲೆ ಕೆಡಿಸ್ಕೋಬೇಡಿ ಅಂತ. ನಮ್ಮ ರೂಮಲ್ಲಿ ಎಲ್ರೂ ಅದಕ್ಕೇ ಹಾಕಿದ್ದು."

ಸರ್ವೇ ಮೇಡಂ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಆಮೇಲೆ ನನ್ನ ಕಡೆ ನೋಡಿದಳು. ಆ ನೋಟದಲ್ಲಿ ತಮಾಷೆ ಇರಲಿಲ್ಲ, ಕೋಪವೂ ಇರಲಿಲ್ಲ. ಹುಡುಗಿಯ ಮಾತನ್ನು ಒರೆಗಲ್ಲು ಮಾಡಿ ನನ್ನ ಅಷ್ಟೂ 'ಪರವಾಗಿಲ್ಲ'ಗಳನ್ನು ಉಜ್ಜಿ ನೋಡುತ್ತಿದ್ದಳು. ನಾನು ಈ ಸಲ ಗಡಿಯಾರ ನೋಡಲಿಲ್ಲ, ನೆಲ ನೋಡಿದೆ. ಅವಳು ಸ್ಟೇಪ್ಲರ್ ಮರೆತು ಹೋದಳು.

ಮರುದಿನದಿಂದ ಅವಳು ಕ್ಯಾಂಟೀನಿನಲ್ಲಿ, ಹಾಸ್ಟೆಲಿನ ಮೆಟ್ಟಿಲುಗಳ ಮೇಲೆ, ಲೈಬ್ರರಿಯ ಹೊರಗಿನ ಕಟ್ಟೆಯ ಮೇಲೆ ಕೂತು ಹುಡುಗ ಹುಡುಗಿಯರನ್ನು ಒಂದೇ ಪ್ರಶ್ನೆ ಕೇಳುತ್ತಾ ಹೋದಳು: ಪರವಾಗಿಲ್ಲ ಅಂತ ಹಾಕಿದೆಯಲ್ಲ, ಏನು ಅಂದುಕೊಂಡು ಹಾಕಿದೆ? ಕಿಟಕಿಯಿಂದ ನನಗೆ ಕಾಣುತ್ತಿತ್ತು. ಊಟದ ಹೊತ್ತು ಮೀರಿದರೂ ಕೂತೇ ಇರುತ್ತಿದ್ದಳು. ಹೋಗಿ ಒಂದು ಲೋಟ ಟೀಯನ್ನಾದರೂ ಕೊಡಬೇಕೆನಿಸುತ್ತಿತ್ತು. ಯಾವ ಮುಖ ಹೊತ್ತು ಹೋಗಲಿ?

ತಿಂಗಳು ಮುಗಿಯಿತು. ಗಡಿಯಾರ ಬಿಚ್ಚಿದೆ, ಬೀಗದ ಕೈ ಒಪ್ಪಿಸಿದೆ. ಬೇರೆ ಊರಿನ ಆಸ್ಪತ್ರೆಯೊಂದರಲ್ಲಿ ಕೆಲಸ ಸಿಕ್ಕಿತು, ಎರಡು ವರ್ಷ ಬಿಡುವ ಹಾಗಿಲ್ಲ ಎಂಬ ಕರಾರಿನ ಮೇಲೆ. ಸಹಿ ಹಾಕಿದೆ. ಹೊರಡುವ ಹಿಂದಿನ ದಿನ ಅವಳ ಫೋನ್ ಬಂತು.

"ಆ ಹುಡುಗಿ ಕಾಲೇಜ್ ಬಿಟ್ಟು ಮನೆಗೆ ಹೋದ್ಲು ಸಾರ್. ಈ ಸೆಮಿಸ್ಟರ್ ಬೇಡ ಅಂತ ಬರೆದುಕೊಟ್ಲಂತೆ. ಹೋಗೋ ಮುಂಚೆ ನಿಮ್ಮ ಬಾಗಿಲ ಹತ್ರ ಬಂದಿದ್ಲಂತೆ. ಬೀಗ ಇತ್ತು." ಆ ಕಡೆ ಮೂಗು ಎಳೆದ ಸದ್ದಾಯಿತು. "ನಿಮ್ಮ ಬಸ್ ಎಷ್ಟೊತ್ತಿಗೆ?"

ಹೇಳಿದೆ. ಆದರೂ ಅವಳು ಬರುತ್ತಾಳೆಂದು ಎಣಿಸಿರಲಿಲ್ಲ.

ಬಸ್ ನಿಲ್ದಾಣದಲ್ಲಿ ಸಂಜೆಯ ಬೆಳಕು ಮಂಕಾಗಿತ್ತು. ಟ್ಯೂಬ್‌ಲೈಟೊಂದು ಹತ್ತಲೋ ಬೇಡವೋ ಎಂದು ಮಿನುಗುತ್ತಿತ್ತು. ನಾನು ಸೂಟ್‌ಕೇಸ್ ಕಾಲ ಸಂದಿಯಲ್ಲಿಟ್ಟುಕೊಂಡು ಬೆಂಚಿನ ಮೇಲೆ ಕೂತಿದ್ದೆ. ಅವಳು ಬಂದು ಪಕ್ಕದಲ್ಲಿ ಕೂತಳು. ಇಬ್ಬರ ನಡುವೆ ಅವಳ ಚೀಲ.

"ಹುಡುಗರು ಹೇಳಿದ್ದೆಲ್ಲ ಬರೆದು ಮುಂದಿಟ್ಟೆ. ಸಮಿತಿ ಒಪ್ಕೊಳ್ತು," ಎಂದಳು. "ಮುಂದಿನ ಟರ್ಮಿಂದ ಕೋಣೆ ತೆಗೀತಾರೆ. ಇಬ್ಬರು ಕೌನ್ಸೆಲರ್. ಹೊಸದಾಗಿ ಅರ್ಜಿ ಕರೀತಾರೆ. ನೀವು..."

"ಸಹಿ ಹಾಕಿಬಿಟ್ಟೆ. ಎರಡು ವರ್ಷ."

ಅವಳು ಚೀಲದಿಂದ ಮಡಿಸಿದ ಹಾಳೆ ತೆಗೆದು ತನ್ನ ಮಂಡಿಯ ಮೇಲೆ ಬಿಡಿಸಿದಳು. ಹೊಸ ಫಾರ್ಮು. ಪ್ರತಿ ಪ್ರಶ್ನೆಗೂ ನಾಲ್ಕೇ ಚೌಕ.

"ನಡುವಿನದ್ದು ತೆಗೆದುಹಾಕ್ದೆ. ಚೆನ್ನಾಗಿದ್ರೆ ಇದೆ ಅನ್ಲಿ, ಇಲ್ದಿದ್ರೆ ಇಲ್ಲ ಅನ್ಲಿ. ಅಡಗಿ ಕೂರೋಕೆ ಜಾಗ ಕೊಟ್ಟಿದ್ದು ನಾನೇ." ಹಾಳೆಯನ್ನು ಬೆರಳಿನಿಂದ ನೀವಿದಳು. ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದಳು. ಮೊದಲ ದಿನದ ಅದೇ ನೋಟ, ಆದರೆ ಕಣ್ಣು ತುಂಬಿತ್ತು. "ಹೇಗಿದ್ದೀರಿ?"

"ಪರ..."

"ಆ ಚೌಕ ಇಲ್ಲ."

ಕಂಡಕ್ಟರ್ ಬಸ್ಸಿನ ತಗಡನ್ನು ಬಡಿದು ಊರಿನ ಹೆಸರು ಕೂಗುತ್ತಿದ್ದ. ಅಷ್ಟು ಜನ ನನ್ನೆದುರು ಕೂತು ಹೇಳಿಕೊಂಡಿದ್ದರಲ್ಲ, ಅದಕ್ಕೆ ಎಷ್ಟು ಎದೆಗಾರಿಕೆ ಬೇಕೆಂದು ಆಗ ಗೊತ್ತಾಯಿತು.

"ತುಂಬಾ ಕೆಟ್ಟದಾಗಿದೆ," ಎಂದೆ. "ಆ ಹುಡುಗಿ ಕಣ್ಮುಂದೇ ಇದ್ದಾಳೆ. ನನಗೆ ಆ ಊರು ಬೇಡ, ಆ ಕೆಲಸ ಬೇಡ. ನೀವು ಫಾರ್ಮ್ ಎಣಿಸ್ತಾ ಕೂತಿರ್ತಿದ್ರಲ್ಲ, ಅದು ಬೇಕು. ದಿನಾ ಬೇಕು. ಅವತ್ತು ನೀವು ಎದ್ದು ಹೋದಾಗ ಕೂಗಬೇಕಿತ್ತು. ನಂಗೆ ನೀವಂದ್ರೆ ತುಂಬಾ ಇಷ್ಟ."

ಅವಳು ಕನ್ನಡಕ ತೆಗೆದು ಸೆರಗಿನಿಂದ ಒರೆಸಿದಳು, ಒರೆಸುತ್ತಲೇ ಇದ್ದಳು. "ಇದನ್ನ ಹೇಳೋಕೆ ನಿಮಗೆ ಒಂದು ಬಸ್ ಬೇಕಾಯ್ತು," ಎಂದಳು. ನಗಲು ಹೋದಳು, ಆಗಲಿಲ್ಲ.

ಕಂಡಕ್ಟರ್ ಮತ್ತೆ ತಗಡು ಬಡಿದ. ನಾನು ಸೂಟ್‌ಕೇಸ್ ಹಿಡಿದು ಎದ್ದೆ. ಅವಳು ನನ್ನ ಅಂಗಿಯ ತೋಳಿನ ಅಂಚು ಹಿಡಿದಳು.

"ಎರಡು ವರ್ಷ ಕಾಯೋದು..." ಎಂದು ನಿಲ್ಲಿಸಿದಳು.

ನನಗೆ ಭಯವಾಯಿತು. ನನ್ನ ಪದವನ್ನು ಅವಳೇ ನನಗೆ ವಾಪಸ್ ಕೊಟ್ಟುಬಿಡುತ್ತಾಳೆಂದು, ಅದು ಸಿಕ್ಕರೆ ನಾನು ಅದನ್ನೇ ನಂಬಿಕೊಂಡು ನಿರಾಳವಾಗಿ ಹೋಗಿಬಿಡುತ್ತೇನೆಂದು ಭಯವಾಯಿತು.

"ಎರಡು ವರ್ಷ ಕಾಯೋದು ನಂಗೆ ಸ್ವಲ್ಪಾನೂ ಇಷ್ಟ ಇಲ್ಲ," ಎಂದಳು. "ದಿನಾ ಬೇಜಾರಾಗುತ್ತೆ, ದಿನಾ ಫೋನ್ ಮಾಡಿ ಬೇಜಾರು ಅಂತ ಹೇಳ್ತೀನಿ. ಆದ್ರೆ ಕಾಯ್ತೀನಿ."

ತೋಳು ಬಿಟ್ಟಳು. ಬಸ್ಸು ನಿಲ್ದಾಣದ ಬಾಗಿಲು ದಾಟಿ ತಿರುಗುವವರೆಗೂ ಕಿಟಕಿಯಿಂದ ನೋಡಿದೆ. ಅವಳು ಹಾಳೆಯನ್ನು ಎದೆಗೊತ್ತಿಕೊಂಡು ಬೆಂಚಿನ ಪಕ್ಕದಲ್ಲೇ ನಿಂತಿದ್ದಳು. ಟ್ಯೂಬ್‌ಲೈಟು ಇನ್ನೂ ಹತ್ತಿರಲಿಲ್ಲ.

ಊರು ದಾಟುವ ಹೊತ್ತಿಗೆ ಅಕ್ಕನ ಫೋನ್ ಬಂತು. "ಬಸ್ ಹತ್ತಿದ್ಯಾ? ಹೇಗಿದ್ದೀಯೋ?"

"ಅಳ್ತಾ ಇದ್ದೀನಿ ಅಕ್ಕ," ಎಂದೆ.

ಅತ್ತ ಕಡೆ ಅಕ್ಕ ಕುರ್ಚಿ ಎಳೆದುಕೊಂಡು ಕೂತ ಸದ್ದು ಕೇಳಿಸಿತು.

"ಹ್ಞೂಂ," ಎಂದಳು. "ಹೇಳು."